ಬ್ರೇಕು ಒತ್ತಿದ್ದು ಯಾರು

ಆ ಡ್ರೈವಿಂಗ್ ಶಾಲೆ ಎಂದರೆ ಔಷಧಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ. ಗೋಡೆಗೆ ಸಂಚಾರ ಚಿಹ್ನೆಗಳ ಪಟ, ಪಟದ ಕೆಳಗೆ ಮೇಜು, ಮೇಜಿನ ಮೇಲೆ ಫೋನು, ಫೋನಿನ ಹಿಂದೆ ಮೇಷ್ಟ್ರ ಹೆಂಡತಿ. ಕೆಳಗೆ ರಸ್ತೆಯಂಚಿನಲ್ಲಿ ನಿಂತಿರುತ್ತಿದ್ದ ಬಿಳಿ ಕಾರಿಗೆ ಎರಡು ಜೊತೆ ಪೆಡಲು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಿಗೆ. ಹತ್ತೊಂಬತ್ತು ವರ್ಷಗಳಲ್ಲಿ ಮೇಷ್ಟ್ರು ಸಾವಿರಕ್ಕೂ ಹೆಚ್ಚು ಜನರನ್ನು ರಸ್ತೆಗೆ ಬಿಟ್ಟಿದ್ದರು. ತಮ್ಮ ಕಾರಿನಡಿ ಒಂದು ಕೋಳಿಯೂ ಸತ್ತಿಲ್ಲ ಎಂದು ಹೇಳಿಕೊಳ್ಳುವುದು ಅವರಿಗೆ ಬಲು ಇಷ್ಟ.

ವರ್ಷ ಕಳೆದಂತೆ ಮೇಷ್ಟ್ರು ಬೆಳೆದರು, ಕಾರು ಬೆಳೆಯಲಿಲ್ಲ. ತೂಕ ನೂರಾ ಮೂವತ್ತೆಂಟು ಕಿಲೋ ಮುಟ್ಟಿದಾಗ ಕಾರು ಅವರ ಕಡೆಗೇ ವಾಲಿಕೊಂಡು ಓಡುತ್ತಿತ್ತು. ಅವರಲ್ಲಿ ಕಲಿತವರು ಬೇರೆ ಕಾರು ಹತ್ತಿದರೆ ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಒಂದು ಪಕ್ಕಕ್ಕೆ ಎಳೆಯುತ್ತಿದ್ದರಂತೆ. ಗೇರು ಹಾಕುವುದಂತೂ ಇಬ್ಬರ ಕೆಲಸ. ಕಲಿಯುವವರು "ಮೇಷ್ಟ್ರೇ, ಮೂರು" ಎನ್ನಬೇಕು, ಮೇಷ್ಟ್ರು ಉಸಿರು ಒಳಗೆಳೆದುಕೊಂಡು ತೊಡೆ ಸರಿಸಬೇಕು, ಆಮೇಲೆ ಮೂರನೇ ಗೇರು ಬೀಳಬೇಕು. ಜನ ನಗುತ್ತಿದ್ದರು, ಮೇಷ್ಟ್ರೂ ನಗುತ್ತಿದ್ದರು. ಆದರೆ ಕೋಣೆಗೆ ಹತ್ತುವ ಹದಿನೆಂಟು ಮೆಟ್ಟಿಲಿಗೆ ಅವರು ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಸಕ್ಕರೆ ಕಾಯಿಲೆ ಬಂದಿತ್ತು, ಮಂಡಿ ಸವೆದಿತ್ತು. ಪಥ್ಯ ಮಾಡಿದರು, ನಡಿಗೆ ಮಾಡಿದರು, ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ಕೊನೆಗೆ ಡಾಕ್ಟರು ಹೇಳಿದಂತೆ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಜಠರವನ್ನು ಮೊಟ್ಟೆಯಷ್ಟಕ್ಕೆ ಇಳಿಸಿ, ಕರುಳಿನ ದಾರಿಯನ್ನೇ ಬದಲಿಸುವ ಆಪರೇಷನ್ನು ಅದು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಮೊದಲ ವಾರ ಬರೀ ನೀರು, ಆಮೇಲೆ ತಿಳಿ ಸೂಪು, ಆಮೇಲೆ ಮೂರು ಚಮಚ ಮೆತ್ತನೆಯ ಅನ್ನ. ವರ್ಷ ತುಂಬುವುದರೊಳಗೆ ಐವತ್ತೆರಡು ಕಿಲೋ ಕರಗಿತು. ಸಕ್ಕರೆಯೂ ಇಳಿಯಿತು. ಮೇಷ್ಟ್ರು ಹದಿನೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಇಳಿದು, ಮತ್ತೆ ಹತ್ತಿ ಹೆಂಡತಿಗೆ ತೋರಿಸಿದರು. ಹಳೆಯ ಪ್ಯಾಂಟಿನ ಒಂದೇ ಕಾಲಿನೊಳಗೆ ಎರಡೂ ಕಾಲು ತೂರಿಸಿ ನಿಂತು ಒಂಬತ್ತು ವರ್ಷದ ಮಗಳು ಪುಟ್ಟಿಯ ಕೈಲಿ ಫೋಟೋ ತೆಗೆಸಿಕೊಂಡರು. ಬೀದಿಯಲ್ಲಿ ಸಿಕ್ಕವರೆಲ್ಲ "ಏನ್ ಮೇಷ್ಟ್ರೇ, ಹೊಸ ಮದುವೆ ಗಂಡಿನ ಥರ ಕಾಣ್ತೀರಲ್ಲ" ಎನ್ನುವವರೇ.

ಆಸ್ಪತ್ರೆಯವರು ಬಿಡುಗಡೆ ಮಾಡುವಾಗ ಒಂದು ಮಾತನ್ನು ಮೂರು ಸಲ ಹೇಳಿದ್ದರು. ವಿಟಮಿನ್ ಮಾತ್ರೆಗಳನ್ನು ಜೀವಮಾನವಿಡೀ ತಪ್ಪಿಸಬಾರದು, ಆರು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. ಮೇಷ್ಟ್ರು ಮೂರು ಸಲವೂ ತಲೆಯಾಡಿಸಿದ್ದರು. ನಾಲ್ಕು ತಿಂಗಳು ನುಂಗಿಯೂ ನುಂಗಿದರು. ಆದರೆ ಆ ಮಾತ್ರೆಗಳೋ ಒಂದೊಂದೂ ಗುಂಡಿಯಷ್ಟು ದಪ್ಪ. ಬಾಟಲಿ ತೆರೆದರೆ ತುಕ್ಕಿನ ವಾಸನೆ. ಪುಟ್ಟ ಜಠರದೊಳಗೆ ಒಂದು ಮಾತ್ರೆ ಕೂತರೆ ಊಟಕ್ಕೆ ಜಾಗವೇ ಇಲ್ಲ ಎನಿಸುತ್ತಿತ್ತು. ಒಂದು ದಿನ ಬಿಟ್ಟರು, ಏನೂ ಆಗಲಿಲ್ಲ. ಒಂದು ವಾರ ಬಿಟ್ಟರು, ಆಗಲೂ ಏನೂ ಆಗಲಿಲ್ಲ. "ಕಾಯಿಲೆ ಇದ್ದವರಿಗಲ್ಲವೇ ಔಷಧಿ" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಹೆಂಡತಿ ಮಾತ್ರ ಬೆಳಿಗ್ಗೆ ತಪ್ಪದೆ ಮಾತ್ರೆ ಎಣಿಸಿ ಕಾಗದದಲ್ಲಿ ಸುತ್ತಿ ಅವರ ಅಂಗಿಯ ಜೇಬಿಗೆ ಹಾಕುತ್ತಿದ್ದಳು. ಮಧ್ಯಾಹ್ನ ಊಟದ ಜೊತೆ ತೆಗೆದುಕೊಳ್ಳುತ್ತೇನೆ ಎಂದು ಮೇಷ್ಟ್ರು ಅವಳಿಗೆ ಹೇಳುತ್ತಿದ್ದರು. ಆ ಪೊಟ್ಟಣ ಜೇಬಿನಿಂದ ಕಾರಿನ ಡ್ಯಾಶ್‌ಬೋರ್ಡಿನ ಖಾನೆಗೆ ಹೋಗುತ್ತಿತ್ತು, ಖಾನೆ ತುಂಬಿದಾಗ ಕಸದ ಡಬ್ಬಿಗೆ. ರಕ್ತ ಪರೀಕ್ಷೆಗೆ ಪುರಸೊತ್ತು ಇರಲಿಲ್ಲ, ಏಕೆಂದರೆ ಮೇಷ್ಟ್ರು ಗಟ್ಟಿಮುಟ್ಟಾಗಿದ್ದರು.

ಎರಡನೇ ವರ್ಷ ಮುಗಿಯುತ್ತ ಬಂದಾಗ ಪಾದಗಳಲ್ಲಿ ಜುಮ್ಮು ಶುರುವಾಯಿತು. ಮೊದಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಂತೆ. ಆಮೇಲೆ ಅಂಗಾಲಿಗೆ ದಪ್ಪ ಹತ್ತಿ ಕಟ್ಟಿಕೊಂಡು ನಡೆದಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಮೇಷ್ಟ್ರು ಶೂ ಸರಿಯಿಲ್ಲ ಎಂದರು. ತೂಕ ಇಳಿದ ಮೇಲೆ ಪಾದವೂ ಸಣ್ಣದಾಗಿರಬೇಕು ಎಂದುಕೊಂಡು ಹೊಸ ಶೂ ಕೊಂಡರು. ಇಪ್ಪತ್ತು ದಿನಕ್ಕೆ ಅದೂ ಸರಿಬರಲಿಲ್ಲ, ಇನ್ನೊಂದು ಕೊಂಡರು. ಮೂರನೇ ಸಲ ಹೋದಾಗ ಅಂಗಡಿಯವನು ಮಣೆಯ ಮೇಲೆ ಕೂತು ಅವರ ಪಾದವನ್ನು ತನ್ನ ಮಂಡಿಗೇರಿಸಿಕೊಂಡ. ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, "ಬೆರಳು ತಾಗ್ತಿದೆಯಾ ಸಾರ್?" ಎಂದ.

"ಇಲ್ಲ."

"ಈಗ?"

"ಇಲ್ವಲ್ಲ. ಒತ್ತಿ ನೋಡಿ."

"ಸಾರ್, ನಾನು ಒತ್ತಿ ಆಗಲೇ ಅರ್ಧ ನಿಮಿಷ ಆಯ್ತು."

ಅಂಗಡಿಯವನು ಅವರ ಮುಖ ನೋಡಿದ. ಮೇಷ್ಟ್ರು ಚಾವಣಿ ನೋಡಿದರು. "ನಾನು ಮಾರೋನು, ಬೇಡ ಅನ್ನಬಾರದು. ಆದ್ರೂ ಹೇಳ್ತೀನಿ, ಇದು ಶೂ ತೊಂದರೆ ಅಲ್ಲ. ಯಾರಾದ್ರೂ ಡಾಕ್ಟರಿಗೆ ತೋರಿಸಿ" ಎಂದು ಅವನು ಶೂಗಳನ್ನು ಡಬ್ಬಕ್ಕೆ ವಾಪಸ್ ಹಾಕಿದ. ಮೇಷ್ಟ್ರು ಪಕ್ಕದ ಬೀದಿಯ ಅಂಗಡಿಗೆ ಹೋಗಿ ಅದೇ ಅಳತೆಯದನ್ನು ಕೊಂಡರು.

ಮನೆಯಲ್ಲೂ ಒಂದೊಂದೇ ಆಯಿತು. ಚಪ್ಪಲಿ ಹಾಕಿಕೊಂಡು ಹಾಲು ತರಲು ಹೋದವರು ಒಂದೇ ಚಪ್ಪಲಿಯಲ್ಲಿ ವಾಪಸ್ ಬಂದರು. ಇನ್ನೊಂದು ಯಾವ ತಿರುವಿನಲ್ಲಿ ಕಾಲು ಬಿಟ್ಟು ಹೋಯಿತೋ ಅವರಿಗೆ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ದೇಹ ಹಿಂದಕ್ಕೆ ತೂಗಿ ಬಾತ್‌ರೂಮಿನ ಬಾಗಿಲಿಗೆ ಧಡ್ಡೆಂದು ಬಡಿಯಿತು. "ಏನ್ರೀ ಅದು ಸದ್ದು?" ಎಂದು ಹೆಂಡತಿ ಕೂಗಿದಳು. "ಏನಿಲ್ಲ ಕಣೇ, ನೆಲ ಜಾರ್ತಿದೆ" ಎಂದರು. ಅವಳು ಬಂದು ನೆಲ ಮುಟ್ಟಿ ನೋಡಿದಳು. ಒಣಗಿತ್ತು. ಒಮ್ಮೆ ನೆಲ, ಒಮ್ಮೆ ಗಂಡನ ಮುಖ ನೋಡಿ ಒಳಗೆ ಹೋದಳು. ಅವಳು ಬೈಯದೆ ಹೋದರೆ ಮೇಷ್ಟ್ರಿಗೆ ಹೆಚ್ಚು ಭಯ.

ಆ ದಿನಗಳಲ್ಲಿ ಮೇಷ್ಟ್ರಲ್ಲಿ ಕಲಿಯುತ್ತಿದ್ದವರಲ್ಲಿ ಹಳಬರೆಂದರೆ ಹೂವಿನಂಗಡಿ ಅಮ್ಮ. ಅರವತ್ತೊಂದು ವಯಸ್ಸು, ಮೊಳಕೈವರೆಗೆ ಮಡಿಸಿದ ಅಂಗಿಯ ತೋಳು, ಬಾಯಿ ಬಲು ಚುರುಕು. ಹೂಗುಚ್ಛಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ವ್ಯಾನಿನ ಡ್ರೈವರು ಕೆಲಸ ಬಿಟ್ಟಿದ್ದ. ಇನ್ನೊಬ್ಬನ ದಾರಿ ಕಾಯುವ ಬದಲು ತಾನೇ ಓಡಿಸುತ್ತೇನೆ ಎಂದು ಹೊರಟಿದ್ದರು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ಎರಡು ಸಲವೂ ಒಂದೇ ತಪ್ಪು. ಬ್ರೇಕು ಒತ್ತಬೇಕಾದಾಗ ಅಮ್ಮ ಒತ್ತಲಿಲ್ಲ, ಪಕ್ಕದಲ್ಲಿದ್ದ ಪರೀಕ್ಷಕರು ಒತ್ತಿದರು. ಪರೀಕ್ಷಕರ ಕಾಲು ಪೆಡಲಿಗೆ ತಾಗಿದರೆ ಫೇಲು, ಅದು ನಿಯಮ.

ಒಂದು ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಮ್ಮ ಕಾರು ಓಡಿಸುತ್ತಿದ್ದರು. ಗೋದಾಮುಗಳ ಬೀದಿ, ಒಳ್ಳೆ ಬಿಸಿಲು. ಅಮ್ಮ ಗುಲಾಬಿಯ ಮುಳ್ಳು ಕೀಳುವ ಹುಡುಗಿಯರ ಸೋಮಾರಿತನದ ಬಗ್ಗೆ ಹೇಳುತ್ತ ನಿಧಾನವಾಗಿ ಹೋಗುತ್ತಿದ್ದರು. ಆಗ ಒಂದು ಗೇಟಿನೊಳಗಿಂದ ಖಾಲಿ ಕ್ರೇಟುಗಳ ಲಾರಿ ಹಿಮ್ಮುಖವಾಗಿ ರಸ್ತೆಗೆ ಬಂತು.

ಮೇಷ್ಟ್ರು ನೋಡಿದರು. ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಕಾಲು ಚಾಚಿ ಬ್ರೇಕು ಒತ್ತಿದರು. ಒತ್ತಿದೆ ಎಂದೇ ಅವರ ಮನಸ್ಸು ಹೇಳಿತು. ಕಾರು ಮಾತ್ರ ಹೋಗುತ್ತಲೇ ಇತ್ತು. ಇನ್ನೂ ಗಟ್ಟಿಯಾಗಿ ಒತ್ತಿದರು. ಲಾರಿಯ ಹಿಂಭಾಗ ಗಾಜಿನ ತುಂಬ ದೊಡ್ಡದಾಗುತ್ತ ಬಂತು.

"ಮೇಷ್ಟ್ರೇ!" ಎಂದು ಕಿರುಚಿದ ಅಮ್ಮ ತಮ್ಮ ಎರಡೂ ಕಾಲಿನಿಂದ ಒಟ್ಟಿಗೇ ಬ್ರೇಕು ತುಳಿದರು. ಕಾರು ಕೀರಲು ದನಿ ಮಾಡಿ, ಒಂದು ಸಲ ಜಿಗಿದು, ನಿಂತಿತು. ಲಾರಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು. ಲಾರಿಯವನು ಕೆಳಗಿಳಿದು ಬಂದು ಆ ಗೇಣನ್ನು ನೋಡಿ, ಅಮ್ಮನ ಕಡೆ ಹೆಬ್ಬೆರಳೆತ್ತಿ, "ಒಳ್ಳೆ ಬ್ರೇಕು ಹಾಕಿದ್ರಿ ತಾಯಿ" ಎಂದು ಹೇಳಿ ಹೋದ.

ಮೇಷ್ಟ್ರು ಬಗ್ಗಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಅದು ಬ್ರೇಕಿನ ಪಕ್ಕದಲ್ಲಿ, ರಬ್ಬರು ಹಾಸಿನ ಮೇಲೆ, ಇದ್ದ ಬಲವನ್ನೆಲ್ಲ ಹಾಕಿ ನೆಲ ಒತ್ತುತ್ತ ಕೂತಿತ್ತು.

"ಕಾಲು ನೋಡ್ಕೊಂಡು ಓಡಿಸಬಾರದು ಅಂತ ನಂಗೆ ದಿನಾ ಬೈತೀರಲ್ಲ, ಈಗ ನೀವೇ ನೋಡ್ತಿದ್ದೀರಿ" ಎಂದರು ಅಮ್ಮ. ನಗುತ್ತಲೇ ಹೇಳಿದ್ದು. ಆಮೇಲೆ ಮೇಷ್ಟ್ರ ಮುಖ ನೋಡಿದರು, ನಗು ಹೋಯಿತು. "ಏನಾಯ್ತು?"

"ನಾನು ಒತ್ತಿದೆ ಅಂದ್ಕೊಂಡೆ ಅಮ್ಮ."

"ಅಂದ್ಕೊಂಡ್ರಾ?"

"ಕಾಲು ಎಲ್ಲಿದೆ ಅಂತ ಗೊತ್ತಾಗಲ್ಲ. ನೋಡಿದ್ರೆ ಮಾತ್ರ ಗೊತ್ತಾಗುತ್ತೆ." ಯಾರಿಗೂ ಹೇಳದ ಮಾತು ಬೀದಿಯ ನಡುವೆ ಬಾಯಿಂದ ಬಂದುಬಿಟ್ಟಿತ್ತು. ಮೇಷ್ಟ್ರ ಹಣೆಯಲ್ಲಿ ಬೆವರು ಇಳಿಯಿತು.

ಬೆವರು ಒರೆಸಲು ಕಾಗದದ ಕರವಸ್ತ್ರ ಸಿಗುತ್ತದೇನೋ ಎಂದು ಅಮ್ಮ ಕೈ ಚಾಚಿ ಡ್ಯಾಶ್‌ಬೋರ್ಡಿನ ಖಾನೆ ತೆರೆದರು. ಪುಟ್ಟ ಪುಟ್ಟ ಪೊಟ್ಟಣಗಳು ದಬದಬನೆ ಮೇಷ್ಟ್ರ ಮಡಿಲಿಗೆ ಸುರಿದವು. ಅಮ್ಮ ಒಂದನ್ನು ಬಿಚ್ಚಿದರು, ಇನ್ನೊಂದನ್ನು ಬಿಚ್ಚಿದರು. ಎಲ್ಲದರಲ್ಲೂ ಅದೇ ನಾಲ್ಕು ಮಾತ್ರೆ.

"ಇದನ್ನ ಯಾರು ಇಷ್ಟು ಚೆಂದ ಮಡಿಸಿದ್ದು?"

"ನನ್ನ ಹೆಂಡತಿ."

"ಅವಳಿಗೆ ಗೊತ್ತಾ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಅಮ್ಮ ಪೊಟ್ಟಣಗಳನ್ನು ಒಂದೊಂದಾಗಿ ಆಯ್ದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. "ಹೂವು ಕಟ್ಟಿ ಕಳಿಸಿದ್ದನ್ನ ದಾರೀಲಿ ಚರಂಡಿಗೆ ಎಸೆಯೋ ಡ್ರೈವರನ್ನ ನಾನಾಗಿದ್ರೆ ಒಂದು ದಿನಾನೂ ಇಟ್ಕೋತಿರಲಿಲ್ಲ" ಎಂದರು. "ಭಾನುವಾರದವರೆಗೆ ಟೈಮ್ ಕೊಡ್ತೀನಿ. ಮನೇಲಿ ನೀವು ಹೇಳ್ತೀರೋ, ನಾನು ಹೇಳ್ಲೋ? ಅಲ್ಲೀವರೆಗೆ ಯಾರಿಗೂ ಪಾಠ ಇಲ್ಲ. ಕಾರು ನಾನೇ ವಾಪಸ್ ಓಡಿಸ್ತೀನಿ. ಇವತ್ತು ಬ್ರೇಕು ನಂದೇ ಅಂತ ಗೊತ್ತಾಯ್ತಲ್ಲ."

ಅಷ್ಟು ದೂರವೂ ಅವರು ಎಲ್ಲೆಲ್ಲಿ ಒತ್ತಬೇಕೋ ಅಲ್ಲೆಲ್ಲ ಒತ್ತಿದರು. ಕಾರು ನಿಲ್ಲಿಸಿದ ಮೇಲೆ ಹೇಳಿದರು, "ಒಂದು ನಿಜ ಹೇಳ್ತೀನಿ ಮೇಷ್ಟ್ರೇ. ನೀವು ಒತ್ತೇ ಒತ್ತೀರಿ ಅಂತ ಇಷ್ಟು ದಿನ ನಾನು ಸುಮ್ನೆ ಕೂತಿರ್ತಿದ್ದೆ."

ಕಾರಿನ ಕ್ಲಚ್ಚು ಸರಿಯಿಲ್ಲ ಎಂದು ಹೆಂಡತಿಗೆ ಹೇಳಿ ಮೇಷ್ಟ್ರು ಶುಕ್ರವಾರ, ಶನಿವಾರದ ಪಾಠಗಳನ್ನು ನಿಲ್ಲಿಸಿದರು. ಭಾನುವಾರ ಬಂತು. ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮೇಲೆ ಉದ್ದಕ್ಕೆ ಒರಗಿ, ಮುಖಕ್ಕೆ ಪತ್ರಿಕೆ ಅಡ್ಡ ಹಿಡಿದು, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದರು. ಒಂದೇ ಸುದ್ದಿಯನ್ನು ಐದು ಸಲ ಓದಿದರು. ಹೆಂಡತಿ ಕಿಟಕಿಯ ಬಳಿ ಪುಟ್ಟಿಯ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಪುಟ್ಟಿ ಸೋಫಾದ ತುದಿಯಲ್ಲಿ ನೆಲದ ಮೇಲೆ ಕೂತು ಏನೋ ಮಾಡುತ್ತಿದ್ದಳು.

"ಅಮ್ಮಾ, ನೋಡು ಬಾ" ಎಂದಳು ಪುಟ್ಟಿ. "ಅಪ್ಪ ಇವತ್ತು ಕುಣೀಲೇ ಇಲ್ಲ!"

ಹೆಂಡತಿ ಎದ್ದು ಬಂದಳು. ಮೇಷ್ಟ್ರ ಒಂದು ಅಂಗಾಲಿನ ತುಂಬ ನೀಲಿ ಸ್ಕೆಚ್ ಪೆನ್ನಿನಲ್ಲಿ ಕಾರು. ನಾಲ್ಕು ಚಕ್ರ, ಎರಡು ದೀಪ, ಕಿಟಕಿಯಲ್ಲಿ ಅಪ್ಪ, ಹಿಮ್ಮಡಿಯ ಬಳಿ ಹೊಗೆ. ಇನ್ನೊಂದು ಅಂಗಾಲಿನಲ್ಲಿ ಸಿಗ್ನಲ್ ಕಂಬ, ಮೂರು ದೀಪಗಳಿಗೂ ಬೇರೆ ಬೇರೆ ಬಣ್ಣ. ಕಡಿಮೆಯೆಂದರೂ ಕಾಲು ಗಂಟೆಯ ಕೆಲಸ. ಮೇಷ್ಟ್ರ ಅಂಗಾಲು ಎಂದರೆ ಸಾಮಾನ್ಯದ್ದಲ್ಲ. ಕಾಲ ಬಳಿ ಬೆರಳು ತೋರಿಸಿದರೆ ಸಾಕು, ಚೀರಿ ಮಂಚದಿಂದ ಹಾರುವ ಆಸಾಮಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಗೆಲ್ಲಲಾಗದ ಜಗಳವನ್ನೆಲ್ಲ ಅಂಗಾಲಿಗೆ ಕಚಗುಳಿ ಇಟ್ಟೇ ಗೆದ್ದಿದ್ದಳು.

ಅವಳು ಕೈಯಲ್ಲಿದ್ದ ಅಂಗಿ ಕೆಳಗಿಟ್ಟು, ಅವರ ಅಂಗಾಲಿನ ಮೇಲೆ ಬೆರಳಾಡಿಸಿದಳು. ಪತ್ರಿಕೆ ಅಲುಗಲಿಲ್ಲ. ಉಗುರಿನಿಂದ ಗೀರಿದಳು. ಪತ್ರಿಕೆಯ ಪುಟ ತಿರುಗಿತು.

"ರೀ."

"ಹ್ಞೂಂ?"

"ನಾನೀಗ ಏನು ಮಾಡ್ತಿದ್ದೀನಿ?"

ಮೇಷ್ಟ್ರು ಪತ್ರಿಕೆ ಇಳಿಸಿದರು. ಹೆಂಡತಿಯ ಕೈ ತಮ್ಮ ಪಾದದ ಮೇಲಿರುವುದನ್ನು ಕಂಡರು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನೂ ಕಂಡರು. ಎರಡು ದಿನದಿಂದ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಎಲ್ಲವೂ ಹಿಂದುಮುಂದಾಗಿ ಹೊರಬಂತು. ಮೊದಲು ಲಾರಿ, ಆಮೇಲೆ ಶೂ, ಆಮೇಲೆ ಬಾತ್‌ರೂಮು, ಕಟ್ಟಕಡೆಗೆ ಮಾತ್ರೆ.

ಹೆಂಡತಿ ಪೂರ್ತಿ ಕೇಳಿದಳು. "ಒಂದೂವರೆ ವರ್ಷ ನಾನು ಮಡಿಸಿದ್ದು?" ಎಂದಳು.

"ಹೂಂ."

"ಔಷಧಿ ಅಂಗಡಿ ತಲೆ ಮೇಲೆ ಕೂತ್ಕೊಂಡು ಮಾತ್ರೆ ಇಲ್ಲದೆ ಕಾಯಿಲೆ ಬಿದ್ದೋರು ಲೋಕದಲ್ಲಿ ನೀವೊಬ್ರೇ ಇರಬೇಕು." ಇಷ್ಟು ಹೇಳಿ ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಪಾತ್ರೆಗಳು ಜೋರಾಗಿ ಮಾತಾಡಿದವು. ಹೊರಗೆ ಬಂದಾಗ ಕೈಯಲ್ಲಿ ಆಸ್ಪತ್ರೆಯ ಹಳೆಯ ಫೈಲಿತ್ತು. "ನಾಳೆ ಬೆಳಿಗ್ಗೆ ಎಂಟಕ್ಕೆ. ಕಾಲು ತೊಳೆಯಬೇಡಿ. ಡಾಕ್ಟರು ನೋಡಲಿ, ಮಗಳು ಎಷ್ಟು ಚೆನ್ನಾಗಿ ಬರೀತಾಳೆ ಅಂತ."

ಡಾಕ್ಟರಮ್ಮ ಮೇಷ್ಟ್ರಿಗಿಂತ ಚಿಕ್ಕವರು. ಅಂಗಾಲಿನ ಕಾರನ್ನು ನೋಡಿ ಮೊದಲು ನಕ್ಕರು, ಆಮೇಲೆ ಕೆಲಸಕ್ಕೆ ಇಳಿದರು. ಟ್ಯೂನಿಂಗ್ ಫೋರ್ಕ್ ಎಂಬ ಲೋಹದ ಕವಲನ್ನು ಮೇಜಿನಂಚಿಗೆ ತಟ್ಟಿ, ಅದು ಗುಂಯ್‌ಗುಡುತ್ತಿರುವಾಗ ಕಾಲಿನ ಹೆಬ್ಬೆರಳಿಗೆ ಇಟ್ಟರು. ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಕಣಕಾಲಿಗೆ ಇಟ್ಟರು, ತಿಳಿಯಲಿಲ್ಲ. ಮಂಡಿಗೆ ಇಟ್ಟಾಗ "ಹಾಂ, ಜೇನುಹುಳದ ಥರ" ಎಂದರು. ಎದ್ದು ನಿಂತು ಕಾಲು ಜೋಡಿಸಿ ಕಣ್ಣು ಮುಚ್ಚಲು ಡಾಕ್ಟರಮ್ಮ ಹೇಳಿದರು. ಮೇಷ್ಟ್ರು ಕಣ್ಣು ಮುಚ್ಚಿದೊಡನೆ ಓಲಾಡಿ ನರ್ಸಿನ ತೋಳಿಗೆ ಬಿದ್ದರು. ಎರಡು ದಿನದಲ್ಲಿ ರಕ್ತದ ವರದಿ ಬಂತು. ಬಿ ಹನ್ನೆರಡು ಎಂಬ ವಿಟಮಿನ್ನು ತಳ ಕಂಡಿತ್ತು. ಇನ್ನೂ ಎರಡು ಮೂರು ಕಡಿಮೆಯಿದ್ದವು.

"ಆದ್ರೆ ಡಾಕ್ಟ್ರೇ, ಬಿಟ್ಟ ಮೇಲೂ ಒಂದು ವರ್ಷ ಚೆನ್ನಾಗೇ ಇದ್ದೆನಲ್ಲ" ಎಂದರು ಮೇಷ್ಟ್ರು.

"ನೀವು ಕಾರಿನೋರು, ನಿಮಗೆ ಹೇಳೋದು ಸುಲಭ. ಟ್ಯಾಂಕಲ್ಲಿ ಹಳೇ ಪೆಟ್ರೋಲು ಇತ್ತು, ಅದರಲ್ಲಿ ಓಡಿದ್ರಿ. ಲಿವರಿನಲ್ಲಿ ಈ ವಿಟಮಿನ್ನು ದಾಸ್ತಾನು ಇರುತ್ತೆ. ಆಪರೇಷನ್ನಲ್ಲಿ ನಾವು ಊರಾಚೆ ಬೈಪಾಸ್ ರಸ್ತೆ ಹಾಕಿದ್ದೀವಿ. ಮೊದಲು ಊಟದ ಜೊತೆ ಬಿ ಹನ್ನೆರಡು ಹತ್ಕೊಳ್ತಿದ್ದ ಸ್ಟಾಪಲ್ಲಿ ಈಗ ಬಸ್ಸೇ ನಿಲ್ಲಲ್ಲ. ಅದಕ್ಕೇ ಬೇರೆಯಾಗಿ ಕೊಡಬೇಕು. ಅದು ಇಲ್ದೇ ಹೋದ್ರೆ ನರಗಳ ಮೇಲಿನ ಹೊದಿಕೆ ಸವೆಯುತ್ತೆ. ಕಾಲು ಎಲ್ಲಿದೆ ಅನ್ನೋ ಸುದ್ದಿ ತಲೆಗೆ ಮುಟ್ಟಲ್ಲ."

"ವಾಪಸ್ ಬರುತ್ತಾ?" ಕೇಳಿದ್ದು ಹೆಂಡತಿ.

ಡಾಕ್ಟರಮ್ಮ ವರದಿಯನ್ನು ಮಡಿಸಿಟ್ಟರು. "ಬಹಳಷ್ಟು ಬರುತ್ತೆ. ಎಲ್ಲಾ ಬರುತ್ತೆ ಅಂತ ಮಾತು ಕೊಡಲ್ಲ. ಇನ್ನೂ ಆರು ತಿಂಗಳು ತಡ ಮಾಡಿದ್ರೆ ಇಷ್ಟೂ ಹೇಳ್ತಿರಲಿಲ್ಲ. ದಿನ ಬಿಟ್ಟು ದಿನ ಇಂಜೆಕ್ಷನ್ನು, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಜೀವ ಇರೋವರೆಗೆ. ಮಾತ್ರೆಗಳೂ ಅಷ್ಟೇ. ನಾನು ಹೇಳೋವರೆಗೆ ಪೆಡಲು ಇರೋ ಯಾವ ಸೀಟಲ್ಲೂ ಕೂರೋ ಹಾಗಿಲ್ಲ."

ಹೊರಗೆ ಬಂದು ಮೇಷ್ಟ್ರು ಬೆಂಚಿನ ಮೇಲೆ ಕೂತರು. ಆಮೇಲೆ, "ಶಾಲೆ ಮುಚ್ಚಬೇಕೇನೋ" ಎಂದರು.

"ಯಾಕೆ? ನಾನು ಸತ್ತಿದ್ದೀನಾ?" ಎಂದಳು ಹೆಂಡತಿ.

ಮೇಷ್ಟ್ರು ತಿರುಗಿ ನೋಡಿದರು. ಅವಳಿಗೂ ಕಲಿಸುವ ಲೈಸೆನ್ಸಿತ್ತು. ಇಬ್ಬರೂ ಹತ್ತೊಂಬತ್ತು ವರ್ಷದ ಹಿಂದೆ ಒಟ್ಟಿಗೇ ಪರೀಕ್ಷೆ ಕೊಟ್ಟಿದ್ದರು. ಆಮೇಲೆ ಒಬ್ಬರು ಫೋನು ನೋಡಬೇಕಾಯಿತು, ಪುಟ್ಟಿ ಹುಟ್ಟಿದಳು, ಫೋನು ಅವಳ ಪಾಲಿಗೇ ಉಳಿಯಿತು. ಐದೈದು ವರ್ಷಕ್ಕೆ ಲೈಸೆನ್ಸು ನವೀಕರಿಸುವಾಗೆಲ್ಲ "ನಿನಗ್ಯಾಕೆ ಇದು" ಎಂದು ಮೇಷ್ಟ್ರು ಗೇಲಿ ಮಾಡುತ್ತಿದ್ದರು. ಅವಳು ನವೀಕರಿಸುತ್ತಲೇ ಬಂದಿದ್ದಳು.

ಮರುದಿನದಿಂದ ಹೆಂಡತಿ ಕಾರಿಗಿಳಿದಳು, ಮೇಷ್ಟ್ರು ಫೋನಿನ ಹಿಂದೆ ಕೂತರು. ಫೋನಿನ ಕೆಲಸ ಇಷ್ಟು ಕಷ್ಟ ಎಂದು ಅವರಿಗೆ ಗೊತ್ತಿರಲಿಲ್ಲ. ಮೊದಲ ವಾರ ಒಂದೇ ಗಂಟೆಗೆ ಮೂವರನ್ನು ಕರೆದರು, ಮೂವರೂ ಬಂದು ಕಾರಿನ ಮೂರು ಬಾಗಿಲು ಹಿಡಿದು ನಿಂತರು. ಹೆಂಡತಿ ಒಬ್ಬರನ್ನು ಮುಂದೆ ಕೂರಿಸಿ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಹೋದಳು. ಹಿಂದಿನವರು ಮುಂದಿನವರ ತಪ್ಪು ನೋಡಿ ಎಷ್ಟು ಕಲಿತರೆಂದರೆ, ಅದನ್ನೇ ಕ್ರಮ ಮಾಡಿದಳು. ಅವಳು ಮೇಷ್ಟ್ರಂತೆ ಬೈಯುತ್ತಿರಲಿಲ್ಲ, ಹಾಗೆಂದು ಬೇಗ ನೆರವಿಗೂ ಬರುತ್ತಿರಲಿಲ್ಲ. ಕಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು, ಬಾಯಲ್ಲಿ ಮಾತ್ರ "ಮುಂದೆ ಏನು ಕಾಣ್ತಿದೆ? ಈಗ ಏನು ಮಾಡ್ತೀರಿ?" ಎಂದು ಕೇಳುತ್ತಿದ್ದಳು. ಹೂವಿನಂಗಡಿ ಅಮ್ಮ ಮೂರು ವಾರದಲ್ಲಿ ಪರೀಕ್ಷೆಗೆ ಹೋಗಿ, ಪಾಸಾಗಿ, ನೇರ ಕೋಣೆಗೆ ಬಂದು ಮೇಜಿನ ಮೇಲೆ ತೋಳುತುಂಬ ಹೂವು ಸುರಿದರು. ಫೋನು ಅದರಡಿ ಎಲ್ಲೋ ಬಡಿದುಕೊಳ್ಳತೊಡಗಿತು.

"ಇದೆಲ್ಲ ಮೇಡಂಗೆ" ಎಂದರು. ಮೇಷ್ಟ್ರ ಮುಖ ಸಣ್ಣದಾದದ್ದು ನೋಡಿ ಒಂದು ಹೂವು ಎತ್ತಿ ಅವರ ಜೇಬಿಗೆ ಸಿಕ್ಕಿಸಿದರು. "ಇದು ನಿಮಗೆ. ನಿಮ್ಮ ಕಾಲು ಕೈಕೊಡದೇ ಇದ್ದಿದ್ರೆ ನನ್ನ ಕಾಲಿಗೆ ಬುದ್ಧಿ ಬರ್ತಿರಲಿಲ್ಲ."

ಇಂಜೆಕ್ಷನ್ನುಗಳು ನಡೆದವು. ಮೊದಲ ತಿಂಗಳು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೇಷ್ಟ್ರು ಒಂದೆರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದೂ ಉಂಟು. ಆ ದಿನಗಳಲ್ಲಿ ಹೆಂಡತಿ ಮಾತ್ರೆಯನ್ನು ಜೇಬಿಗೆ ಹಾಕದೆ ಎದುರು ನಿಂತು ನುಂಗಿಸುತ್ತಿದ್ದಳು, ಪುಟ್ಟಿ ಪೊಲೀಸಿನಂತೆ "ಬಾಯಿ ತೆಗೀರಿ, ನಾಲಿಗೆ ಎತ್ತಿ" ಎನ್ನುತ್ತಿದ್ದಳು. ಎರಡನೇ ತಿಂಗಳಲ್ಲಿ ಪಾದ ಉರಿಯತೊಡಗಿತು. ಹೆದರಿ ಓಡಿದರೆ ಡಾಕ್ಟರಮ್ಮ, ನರಗಳು ಏಳುವಾಗ ಕೆಲವರಿಗೆ ಹೀಗಾಗುತ್ತದೆ ಎಂದರು. ಒಂದು ಬೆಳಿಗ್ಗೆ ಮೇಷ್ಟ್ರು ಹಾಸಿಗೆಯಿಂದ ಕಾಲಿಳಿಸಿದವರು "ಅಯ್ಯಯ್ಯೋ!" ಎಂದು ಮನೆ ಹಾರುವಂತೆ ಕೂಗಿದರು. ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

"ನೆಲ ತಣ್ಣಗಿದೆ ಕಣೇ! ತಣ್ಣಗಿದೆ!"

ಅವಳು ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ ಅವರ ಅಂಗಾಲಿಗೆ ಕಚಗುಳಿ ಇಟ್ಟಳು. ಮೇಷ್ಟ್ರು ಚೀರಲಿಲ್ಲ, ಆದರೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟಕ್ಕೇ ಇಬ್ಬರೂ ಹಾಸಿಗೆಯ ಮೇಲೆ ಕೂತು ನಕ್ಕರು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಐದು ತಿಂಗಳಾದ ಮೇಲೆ ಲೋಹದ ಕವಲು ಹೆಬ್ಬೆರಳ ಮೇಲೂ ಸಣ್ಣಗೆ ಗುಂಯ್‌ಗುಟ್ಟಿತು. ಒಂದು ಪಾದದ ಕೊನೆಯ ಎರಡು ಬೆರಳು ಮಾತ್ರ ಏಳಲಿಲ್ಲ, ಇನ್ನು ಏಳುವುದೂ ಅನುಮಾನ ಎಂದರು ಡಾಕ್ಟರಮ್ಮ. ಕಣ್ಣು ಮುಚ್ಚಿ ನಿಲ್ಲಿಸಿದರು, ಮೇಷ್ಟ್ರು ಕಂಬದಂತೆ ನಿಂತರು. ಕಾರು ಓಡಿಸಬಹುದು ಎಂದು ಚೀಟಿ ಬರೆದುಕೊಟ್ಟರು.

ಚೀಟಿಯನ್ನು ಹೆಂಡತಿ ಎರಡು ಸಲ ಓದಿ ಮಡಿಸಿಟ್ಟಳು. "ಇದು ಡಾಕ್ಟರ ಪರೀಕ್ಷೆ. ಇನ್ನು ನನ್ನ ಪರೀಕ್ಷೆ."

"ಸಾವಿರ ಜನಕ್ಕೆ ಕಲಿಸಿದೋನು ನಾನು!"

"ಅದಕ್ಕೇ. ಹತ್ತಿ."

ಮುಂಜಾನೆ ಖಾಲಿಯಿರುವ ಮಾರುಕಟ್ಟೆಯ ಬಯಲಿನಲ್ಲಿ ಮೇಷ್ಟ್ರು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಹೆಂಡತಿ ಕಾಗದ ಪೆನ್ನು ಹಿಡಿದು ಕೂತಳು. ಮೇಷ್ಟ್ರು ತಿರುವು ತೆಗೆದರು, ಹಿಂದಕ್ಕೆ ಓಡಿಸಿದರು, ಹೇಳಿದಲ್ಲಿ ಹೇಳಿದಂತೆ ನಿಲ್ಲಿಸಿದರು. ಕಾಲು ಎಲ್ಲಿರಬೇಕೋ ಅಲ್ಲೇ ಇತ್ತು. ಅದು ಅವರಿಗೆ ನೋಡದೆಯೇ ಗೊತ್ತಾಗುತ್ತಿತ್ತು, ಆ ಖುಷಿಗೆ ಶಿಳ್ಳೆ ಹಾಕುತ್ತ ಓಡಿಸಿದರು. ಇಳಿದಾಗ ಹೆಂಡತಿ ಕಾಗದ ಕೈಗಿಟ್ಟಳು. ಫೇಲು.

"ಯಾಕೆ?"

"ಹೊರಡುವಾಗ ಹಿಂದಿನ ಕನ್ನಡಿ ನೋಡಲಿಲ್ಲ. ಮೂರು ಸಲ. ಹತ್ತೊಂಬತ್ತು ವರ್ಷ ಬೇರೆಯವರ ಕೈಲಿ ನೋಡಿಸಿದ್ದೀರಿ, ನಿಮಗೆ ಅಭ್ಯಾಸ ತಪ್ಪಿದೆ. ಮುಂದಿನ ವಾರ ಬನ್ನಿ."

ಮೇಷ್ಟ್ರು ಮೂರು ದಿನ ಮುಖ ಊದಿಸಿಕೊಂಡಿದ್ದರು, ನಾಲ್ಕನೇ ದಿನದಿಂದ ಬೆಳಿಗ್ಗೆ ಬೇಗನೆದ್ದು ಅಭ್ಯಾಸ ಮಾಡಿದರು. ಮುಂದಿನ ವಾರ ಕನ್ನಡಿಯನ್ನು ಎಷ್ಟು ಸಲ ನೋಡಿದರೆಂದರೆ, "ಸಾಕು, ಮದುವೆಗೆ ಹೊರಟಿಲ್ಲ" ಎಂದು ಹೆಂಡತಿಯೇ ಹೇಳಬೇಕಾಯಿತು. ಪಾಸು.

ಈಗ ಬೆಳಗಿನ ಪಾಠ ಹೆಂಡತಿಯದು, ಮಧ್ಯಾಹ್ನದ್ದು ಮೇಷ್ಟ್ರದು. ಬೆಳಿಗ್ಗೆಯೆಲ್ಲ ಮೇಷ್ಟ್ರು ಫೋನಿಗೆ ಕೂರುತ್ತಾರೆ. ಮೊನ್ನೆ ಒಬ್ಬಾಕೆ ಕರೆ ಮಾಡಿ ಮೇಡಂ ಹತ್ತಿರ ಕಲಿಯಬೇಕು, ಜಾಗ ಇದೆಯಾ ಎಂದಳು. ಮೇಡಂಗೆ ಎರಡು ತಿಂಗಳವರೆಗೆ ಜಾಗವಿಲ್ಲ, ಮೇಷ್ಟ್ರು ನಾಳೆಯೇ ಸಿಗುತ್ತಾರೆ, ಬಹಳ ಅನುಭವಸ್ಥರು, ತಾಳ್ಮೆಯವರು ಎಂದು ಮೇಷ್ಟ್ರು ದನಿ ಬದಲಿಸಿ ಹೇಳಿದರು.

"ಪರವಾಗಿಲ್ಲ, ಎರಡು ತಿಂಗಳು ಕಾಯ್ತೀನಿ" ಎಂದಳು ಆಕೆ.

ಮೇಷ್ಟ್ರು ಅವಳ ಹೆಸರು ಬರೆದುಕೊಂಡು ನಗುತ್ತ ಮೆಟ್ಟಿಲಿಳಿದರು. ಕೆಳಗೆ ಕಾರಿನಲ್ಲಿ ಮಧ್ಯಾಹ್ನದ ಮೊದಲ ಗಿರಾಕಿ ಆಗಲೇ ಕೂತಿದ್ದ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು, ಮೊದಲ ದಿನದ ಪಾಠ. ಎರಡೂ ಕೈಯಲ್ಲಿ ಸ್ಟೇರಿಂಗನ್ನು ಗಿಣ್ಣು ಬಿಳುಚುವಂತೆ ಹಿಡಿದು, ಕಣ್ಣು ಅರ್ಧ ಮುಚ್ಚಿದ್ದ.

"ಡಾಕ್ಟ್ರೇ, ಹೋದ ವರ್ಷ ನೀವು ನನ್ನ ದವಡೆ ಹಲ್ಲು ಕೀಳುವಾಗ ನಾನು ಕುರ್ಚೀನ ಹೀಗೇ ಹಿಡ್ಕೊಂಡಿದ್ದೆ" ಎನ್ನುತ್ತ ಮೇಷ್ಟ್ರು ಪಕ್ಕದ ಸೀಟಿಗೆ ಕೂತು ಬೆಲ್ಟು ಎಳೆದುಕೊಂಡರು. "ನೀವು ಆಗ ಏನು ಹೇಳಿದ್ರಿ ಜ್ಞಾಪಕ ಇದೆಯಾ?"

"ಏನೂ ನೋವಾಗಲ್ಲ ಅಂದಿದ್ದೆ."

"ಸುಳ್ಳು ಹೇಳಿದ್ರಿ. ನಾನು ನಿಜ ಹೇಳ್ತೀನಿ. ಸ್ವಲ್ಪ ಭಯ ಆಗುತ್ತೆ. ಕೀ ತಿರುಗಿಸಿ."